ಊಟದ ಮೇಜಿನ ಮೇಲಿನ ಯುದ್ಧವಿಮಾನ

"ಇಕ್ಕಟ್ಟಿನ ಗಲ್ಲಿಯಲ್ಲಿ ಬಸ್ಸನ್ನೇ ತಿರುಗಿಸಿದವನು ನಾನು! ಆಕಾಶದಲ್ಲಿ ಅಡ್ಡ ಬರೋಕೆ ಗೋಡೆ ಇದೆಯಾ, ಗೂಡಂಗಡಿ ಇದೆಯಾ? ಈ ಸಲ ನಿನ್ನ ತಮ್ಮನ ವಿಮಾನದ ಬಾಲ ಕತ್ತರಿಸದಿದ್ರೆ ಮೀಸೆ ಬೋಳಿಸ್ತೀನಿ!"

ಹೀಗೆಂದು ಬಸ್ ಡ್ರೈವರ್ ಮಹಾಶಯರು ಊಟದ ಮೇಜನ್ನು ಗುದ್ದಿದರು. ಊಟದ ಮೇಜು ಎನ್ನುವುದು ಹೆಸರಿಗಷ್ಟೆ. ಅದರ ತುಂಬ ರೆಕ್ಕೆ, ಅಂಟು, ಮೋಟಾರು. ಮನೆಮಂದಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವ ಕಾಲ ಬಂದು ಎಷ್ಟೋ ತಿಂಗಳಾಗಿತ್ತು.

"ನಿಮ್ಮ ಮೀಸೆ ಕಟ್ಕೊಂಡು ನನಗೇನಾಗ್ಬೇಕು? ಸೋತ್ರೆ ಮೇಜು ಖಾಲಿ ಮಾಡಿ" ಎಂದಳು ಹೆಂಡತಿ.

"ಗೆದ್ರೆ?"

"ಮೇಜು ನಿಮ್ಮದೇ. ನಾನು ತುಟಿ ಪಿಟಕ್ ಅನ್ನಲ್ಲ."

ಭಾವ-ಭಾವಮೈದುನರ ಈ ಮಹಾಯುದ್ಧ ನಡೆಯುವುದು ಬಸ್ ಡಿಪೋ ಹಿಂದಿನ ಬಯಲಿನಲ್ಲಿ. ಇಬ್ಬರದೂ ಹಳೇ ಕಾಲದ ಯುದ್ಧವಿಮಾನದ ಪುಟ್ಟ ಮಾದರಿ, ಮೂಗಿಗೆ ಪಂಖ, ಹಿಂದೆ ಉದ್ದನೆಯ ಕಾಗದದ ಬಾಲ. ಹಾರಿಸುವುದು ನೆಲದ ಮೇಲೆ ನಿಂತು, ಕೈಯಲ್ಲಿನ ರಿಮೋಟಿನಿಂದ. ಯಾರ ಪಂಖ ಎದುರಾಳಿಯ ಬಾಲ ಕತ್ತರಿಸುತ್ತದೋ ಅವರು ಗೆದ್ದಂತೆ. ನಮ್ಮ ಡ್ರೈವರು ತಮ್ಮ ವಿಮಾನದೊಳಗೆ ಪೈಲಟ್ಟನ್ನೂ ಕೂರಿಸಿದ್ದರು. ಜೇಡಿಮಣ್ಣಿನ ಗೊಂಬೆ, ಖಾಕಿ ಅಂಗಿ, ಅವರದೇ ಮೀಸೆ, ಅವರದೇ ಹೊಟ್ಟೆ!

ಪಂದ್ಯಕ್ಕೆ ಮೊದಲು ಒಂದು ಸುತ್ತು ಅಭ್ಯಾಸ. ಡ್ರೈವರು ಸ್ಟೇರಿಂಗ್ ತಿರುಗಿಸಿದಂತೆ ವಿಮಾನದ ಹಿಂತುದಿಯ ಚುಕ್ಕಾಣಿಯನ್ನಷ್ಟೇ ತಿರುಗಿಸಿದರು. ವಿಮಾನ ಒಂದಿಷ್ಟೂ ವಾಲದೆ ಪಕ್ಕಕ್ಕೆ ಜಾರಿಕೊಂಡು, ಊರಗಲದ ಸುತ್ತು ಹಾಕಿ, ಡಿಪೋ ಆಚೆ ಯಾರದೋ ಬಟ್ಟೆ ಹಗ್ಗಕ್ಕೆ ಸಿಕ್ಕಿಕೊಂಡಿತು. ಹೆಂಡತಿ ಹೋಗಿ, ಆ ಮನೆಯಾಕೆಯ ಸಹಸ್ರನಾಮ ಕೇಳಿ, ವಿಮಾನವನ್ನು ತಂದಳು. ರೆಕ್ಕೆಯಲ್ಲಿ ಇನ್ನೂ ಒಂದು ಚಡ್ಡಿ ನೇತಾಡುತ್ತಿತ್ತು.

"ಯಾಕೋ ಹೀಗೆ?" ಎಂದು ತಮ್ಮನನ್ನು ಕೇಳಿದಳು. ಅವಳಿಗೆ ನಗುವಿಗಿಂತ ಕುತೂಹಲವೇ ಹೆಚ್ಚಾಗಿತ್ತು.

"ಬರೀ ಚುಕ್ಕಾಣಿಯಿಂದ ತಿರುಗಲ್ಲ ಅಕ್ಕ, ರೆಕ್ಕೆಯಿಂದ ತಿರುಗೋದು. ಒಂದು ಪಕ್ಕಕ್ಕೆ ವಾಲಿಸಿ ಮೂತಿ ಮೇಲಕ್ಕೆ ಎಳೀಬೇಕು. ಆಗ ರೆಕ್ಕೆ ಭಾರಾನೂ ಹೊರಬೇಕು, ಪಕ್ಕಕ್ಕೂ ಎಳೀಬೇಕು."

"ಕಂಕುಳಲ್ಲಿ ಮಗು ಇಟ್ಕೊಂಡು ಬೀರು ಎಳೆದ ಹಾಗೆ?"

"ಹಾಗೇ! ಮಗು ದಪ್ಪ ಇದ್ರೆ ಎಳೆಯೋಕೆ ಶಕ್ತಿ ಉಳಿಯಲ್ಲ. ಹಟ ಮಾಡಿ ಎಳೆದ್ರೆ ರೆಕ್ಕೆಗೆ ಗಾಳಿಯ ಹಿಡಿತ ತಪ್ಪುತ್ತೆ, ಧೊಪ್ಪಂತ ಬೀಳುತ್ತೆ. ತಿರುಗುವಾಗ ವೇಗಾನೂ ಕಮ್ಮಿಯಾಗುತ್ತೆ, ಅದನ್ನ ತುಂಬಿಕೊಡೋಕೆ ಮೋಟಾರಿಗೆ ದಮ್ಮಿರ್ಬೇಕು. ಭಾವನ ಮೋಟಾರು ನನ್ನದಕ್ಕಿಂತ ಜೋರು. ಆ ಗೊಂಬೆ ಇಳಿಸಿದ್ರೆ ಸಾಕು."

"ಇಳಿಸೋದಾ?" ಡ್ರೈವರು ಗುಡುಗಿದರು. "ಡ್ರೈವರಿಲ್ಲದೆ ಬಸ್ ಓಡುತ್ತೇನೋ? ಭಾರ ಇದ್ರೇನೇ ಗಾಡಿ ರಸ್ತೆಗೆ ಕಚ್ಚಿಕೊಳ್ಳೋದು!"

"ಅಲ್ಲಿ ರಸ್ತೆ ಎಲ್ಲಿದೆ ಭಾವ?"

ಡ್ರೈವರು ನೀರು ಕುಡಿಯಲು ನಲ್ಲಿಯ ಕಡೆ ನಡೆದರು. "ವಿಮಾನ ನಾನು ಹಿಡ್ಕೊಂಡಿರ್ತೀನಿ ರೀ" ಎಂದಳು ಹೆಂಡತಿ.

ಪಂದ್ಯ ಶುರುವಾಯಿತು. ಒಳಗೊಳಗೇ ಅಳುಕಿದ್ದ ಡ್ರೈವರು, ವಾಲಿಸಿಯೇ ನೋಡೋಣವೆಂದು ವಾಲಿಸಿ ಎಳೆದರು. ಆಹಾ! ವಿಮಾನ ಅಂಗೈಯಗಲದ ಜಾಗದಲ್ಲಿ ಗಿರಕ್ಕನೆ ತಿರುಗಿತು! ಭಾವಮೈದುನನ ಬೆನ್ನು ಹತ್ತಿತು. ಅವನು ಎಡಕ್ಕೆ ಹೊರಳಿದರೆ ಇದು ಇನ್ನೂ ಒಳಗೆ ಹೊರಳಿತು. ಕಚಕ್! ಕಾಗದದ ಬಾಲ ತುಂಡಾಗಿ ತೇಲುತ್ತ ಕೆಳಗಿಳಿಯಿತು.

"ನೋಡಿದೆಯೇನೋ? ಇದಕ್ಕೆ ಅಂತಾರೆ ಅನುಭವ!" ಡ್ರೈವರು ಕುಣಿದರು. "ವಿಮಾನಕ್ಕೆ ಬೇಕಾದ್ದು ಒಳಗೊಬ್ಬ ಗಟ್ಟಿ ಆಸಾಮಿ. ಮೇಜು ನನ್ನದು!"

ಇಳಿದ ವಿಮಾನವನ್ನು ಎತ್ತಿಕೊಂಡು, ತಮ್ಮ ಮೀಸೆಯ ವೀರನಿಗೆ ಸಲಾಮು ಹೊಡೆಯಲು ಮುಚ್ಚಳ ತೆಗೆದರು. ಸೀಟು ಖಾಲಿ.

"ಅಯ್ಯೋ, ಪೈಲಟ್ ಎಲ್ಲಿ ಬಿದ್ದ?"

ಹೆಂಡತಿ ಚೀಲದಿಂದ ಗೊಂಬೆಯನ್ನು ತೆಗೆದು ಅವರ ಕೈಗಿಟ್ಟಳು.

"ನನ್ನ ಮೇಜು ಹೋದ್ರೂ ಹೋಗ್ಲಿ, ತಮ್ಮ ಹೇಳಿದ್ದು ನಿಜವಾ ಅಂತ ನೋಡೋ ಆಸೆ ತಡ್ಕೊಳ್ಳೋಕೆ ಆಗಲಿಲ್ಲ ರೀ. ಬೇರೇನೂ ಮಾಡ್ಲಿಲ್ಲ, ನಿಮ್ಮನ್ನ ಕೆಳಗಿಳಿಸಿದೆ ಅಷ್ಟೆ. ನೋಡಿ, ಎಷ್ಟು ಚೆನ್ನಾಗಿ ತಿರುಗ್ತು!"