ಮೂರನೇ ಬಸ್ಸಿಗೊಬ್ಬ ಡ್ರೈವರ್

ಬಸ್ಸು ತರುವುದಕ್ಕೆ ದುಡ್ಡಿದ್ದರೆ ಸಾಕು, ಅದನ್ನು ಓಡಿಸುವ ಮಂದಿ ಸಿಗುವುದಕ್ಕೆ ಪುಣ್ಯ ಬೇಕು. ಹಿರೇಕೆರೂರಿನ ಒಂದು ಮೋಟಾರ್ ಸರ್ವಿಸ್ಸಿನಲ್ಲಿ ನಾನು ಕಾರಕೂನನಾಗಿದ್ದಷ್ಟು ದಿನವೂ ಈ ಮಾತಿಗೆ ಸಾಕ್ಷಿ ಸಿಗುತ್ತಲೇ ಇತ್ತು. ಯುದ್ಧಕ್ಕೆ ಮುಂಚಿನ ಕಾಲ. ನಮ್ಮ ಸಾವ್ಕಾರರ ಒಂದು ಬಸ್ಸು ಎರಡಾಗಿ, ಮೂರನೆಯದು ಹಾನಗಲ್ಲಿನಿಂದ ಸವಣೂರಿಗೆ ಓಡುವುದಿತ್ತು. ಅದಕ್ಕೊಬ್ಬ ಡ್ರೈವರ್ ಸಿಗದಿದ್ದರೆ ನನ್ನ ನೌಕರಿಯೇ ಹೋಗುವುದೂ ಇತ್ತು. ಅಲ್ಲಿಯವರೆಗೆ ಹೇಗೆ ಬಂದೆವು ಎಂಬುದನ್ನು ಮೊದಲು ಹೇಳಬೇಕು.

೧. ಯಾರ ಪೈಕಿ?

ಮೊದಮೊದಲು ಸಾವ್ಕಾರರು ಹೊರಗಿನವರನ್ನು ನಂಬುತ್ತಿರಲಿಲ್ಲ. ಶಿಗ್ಗಾಂವಿ ಬಸ್ಸಿಗೆ ಹೆಂಡತಿಯ ತಮ್ಮನನ್ನೇ ಕಂಡಕ್ಟರ್ ಮಾಡಿದರು. ಆತ ಸಭ್ಯ, ನಗುಮೊಗದವ. ಹದಿನೈದು ದಿನ ಬಸ್ಸು ತುಂಬಿ ತುಂಬಿ ಓಡಿತು, ಟಿಕೀಟಿನ ಪುಸ್ತಕ ಮಾತ್ರ ತೆಳ್ಳಗಾಗಲಿಲ್ಲ. ಕರೆಸಿ ಕೇಳಿದರೆ, ಹತ್ತಿದವರೆಲ್ಲ ಬೀಗರು, ಅವರನ್ನು ಟಿಕೀಟು ಕೇಳಿದರೆ ನಾಳೆ ಮದುವೆಮನೆಯಲ್ಲಿ ಮುಖ ತೋರಿಸುವುದು ಹೇಗೆ ಅಂದ. ಇಡೀ ಬಸ್ಸೇ ಬೀಗರಾಗುವುದು ಹೇಗಪ್ಪ ಎಂದು ಸಾವ್ಕಾರರು ತಲೆ ಹಿಡಿದುಕೊಂಡರು.

“ಬಸ್ ಹತ್ತೂ ಮುಂದ ಗೊತ್ತಿರಂಗಿಲ್ರಿ ಮಾಮಾ,” ಅಂದ ಆತ. “ನೀವು ಯಾರ ಪೈಕಿ ಅಂತ ಕೇಳ್ಕೋತ ಹೋದ್ರ, ಹಂಸಭಾವಿ ಬರೂದ್ರಾಗ ಸಂಬಂಧ ಹತ್ತೇ ಬಿಡ್ತೈತ್ರಿ.”

೨. ಸವಣೂರಿನ ಪತ್ರ

ಬೀಗರ ಸಹವಾಸ ಸಾಕಾಗಿ, ಇನ್ನು ಮೇಲೆ ಹಳೆಯ ಧಣಿಯಿಂದ ಪತ್ರ ತಂದವರನ್ನೇ ಸೇರಿಸಿಕೊಳ್ಳುವುದೆಂದು ಸಾವ್ಕಾರರು ನಿಶ್ಚಯಿಸಿದರು. ಸವಣೂರಿನಿಂದ ಒಬ್ಬ ಪತ್ರ ಹಿಡಿದುಕೊಂಡು ಬಂದ. ಇವನು ಕುಡಿಯುವವನಲ್ಲ, ಎದುರಾಡುವವನಲ್ಲ, ಹೊತ್ತಿಗೆ ಸರಿಯಾಗಿ ಬರುವವನು, ವೀಳ್ಯದೆಲೆಗೆ ಹೆಸರಾದ ಸವಣೂರಿನಲ್ಲಿ ಹುಟ್ಟಿಯೂ ಎಲೆ ಅಡಿಕೆ ಹಾಕುವವನಲ್ಲ ಎಂದು ಅದರಲ್ಲಿತ್ತು. ಓದಿದ ಸಾವ್ಕಾರರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಲ್ಲಿಯೇ ನಮ್ಮ ಎರಡನೆಯ ಬಸ್ಸಿಗೆ, ಹಾನಗಲ್ಲಿಗೆ ಹೋಗುವುದಕ್ಕೆ, ಡ್ರೈವರ್ ಎಂದು ನೇಮಿಸಿದರು. ಆತ ಮರುದಿನ ಹೊತ್ತಿಗೆ ಸರಿಯಾಗಿ ಬಂದ, ತಿಳವಳ್ಳಿಯ ಹತ್ತಿರ ಬಸ್ಸನ್ನು ಭತ್ತದ ಗದ್ದೆಗೆ ಇಳಿಸಿದ, ಬೈದರೆ ಎದುರಾಡದೆ ಮನೆಗೆ ಹೋದ.

ಸಾವ್ಕಾರರು ನನ್ನನ್ನು ಕರೆದುಕೊಂಡು ಸವಣೂರಿಗೇ ಹೋದರು. ಪತ್ರ ಬರೆದವರು ಅಲ್ಲಿಯ ಜವಳಿ ಅಂಗಡಿಯ ಹಿರಿಯರು. ನಮಗೆ ಚಹಾ ಕೊಟ್ಟು, ಚಾಳೀಸು ಮೂಗಿಗೇರಿಸಿಕೊಂಡು, ತಾವೇ ಬರೆದದ್ದನ್ನು ಇನ್ನೊಮ್ಮೆ ಸಾವಕಾಶ ಓದಿದರು.

“ಇದರಾಗ ಸುಳ್ಳೇನೈತ್ರಿ? ಅಂವ ನಮ್ಮ ಅಂಗಡಿ ಕಾಯ್ತಿದ್ದ. ಮೋಟಾರ್ ಹೊಡೀತಾನಂತ ಎಲ್ಲ್ಯಾರ ಬರದೇನೇನು?”

ಪತ್ರ ಇಸಿದುಕೊಂಡು ನಾವೂ ಓದಿದೆವು. ಬರೆದಿರಲಿಲ್ಲ.

೩. ಮಾಸೂರಿನ ಪರೀಕ್ಷೆ

ಬರುವಾಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಪತ್ರ ಓದಿ ನೋಡುವ ಬದಲು ಬಸ್ಸು ಓಡಿಸಿ ನೋಡಬೇಕಿತ್ತು ಅಂದುಬಿಟ್ಟೆ.

“ಹಂಗಾರ ನೀನ ನೋಡು,” ಅಂದರು ಸಾವ್ಕಾರರು. “ದೀಪಾವಳಿಯೊಳಗ ಮೂರನೇ ಬಸ್ಸಿಗೆ ಡ್ರೈವರ್ ಸಿಗಲಿಲ್ಲಂದ್ರ ನಿನ್ನ ಜಾಗಕ್ಕೂ ಒಬ್ಬಾಂವನ್ನ ಹುಡುಕ್ತೇನಿ.”

ನನಗೆ ಮದುವೆಯಾಗಿ ವರ್ಷವಾಗಿರಲಿಲ್ಲ. ಮಾವನ ಮನೆಯಲ್ಲಿ ನನ್ನ ಮರ್ಯಾದೆಯೆಲ್ಲ ಈ ನೌಕರಿಯ ಮೇಲೆ ನಿಂತಿತ್ತು. ನಿಜವಾಗಿಯೂ ಹೆದರಿದೆ.

ಪರೀಕ್ಷೆಗೆ ಮಾಸೂರಿನ ದಾರಿ ಆರಿಸಿದೆ. ಅಲ್ಲಿಗೆ ಆಗ ಬಸ್ಸೇ ಇರಲಿಲ್ಲ, ದಾರಿ ಖಾಲಿ. ಆದರೆ ಖಾಲಿ ಬಸ್ಸನ್ನು ಯಾರಾದರೂ ಓಡಿಸಿಯಾರು, ಭಾರ ಇರಬೇಕು. ಅದಕ್ಕೆ ಡ್ರೈವರ್ ಕೆಲಸಕ್ಕೆ ಉಮೇದುವಾರನೊಬ್ಬ ಬಂದ ವಾರ ಮಾತ್ರ, ಹಿರೇಕೆರೂರಿನ ಸಂತೆಯ ದಿನ ಬೆಳಗ್ಗೆ ಮಾಸೂರಿನ ಮಂದಿಯನ್ನು ಪುಕ್ಕಟೆ ಕೂರಿಸಿಕೊಂಡು ಪರೀಕ್ಷೆ ಮಾಡುವುದು, ಉಮೇದುವಾರ ಸೋತರೆ ಮೊದಲಿನಿಂದ ನಮ್ಮಲ್ಲಿದ್ದ ಹಳೆಯ ಡ್ರೈವರ್ ಬಸ್ಸನ್ನು ಸಂತೆಗೆ ತರುವುದು ಎಂದು ಗೊತ್ತು ಮಾಡಿ ಮಾಸೂರಿನಲ್ಲಿ ಡಂಗುರ ಸಾರಿಸಿದೆ.

ಮೊದಲ ವಾರ ಬಂದವ ನಾಲ್ಕು ಮಾರು ಹೋಗುವುದರೊಳಗೆ ಕೈಬಿಟ್ಟ. ಎರಡನೆಯ ವಾರದವ ಕಣ್ಣು ಮಂಜು ಅಂದ. ಮೂರನೆಯವ ತಾನು ಏನೂ ಮುಟ್ಟುವುದಿಲ್ಲ, ಪಕ್ಕದಲ್ಲಿ ಕೂತು ನೋಡುತ್ತೇನೆ ಅಂದ. ಬಸ್ಸು ಮಾತ್ರ ವಾರವಾರವೂ ಮೆಣಸಿನಕಾಯಿ ಚೀಲ, ಕೋಳಿ, ಕುಂಬಳಕಾಯಿ ಸಹಿತ ತುಂಬಿರುತ್ತಿತ್ತು. ಡ್ರೈವರ್ ಸಿಗದಿದ್ದರೂ ಭಾರ ಚೆನ್ನಾಗಿ ಸಿಗುತ್ತಿದೆ ಎಂದು ನಾನು ಸಮಾಧಾನಪಟ್ಟುಕೊಂಡೆ.

ದೀಪಾವಳಿಯ ಮುಂಚಿನ ಕಡೆಯ ಸಂತೆಗೆ ಸಾವ್ಕಾರರೇ ಬಂದು ಕೂತರು. ಅಂದಿನ ಉಮೇದುವಾರ ಅರವತ್ತು ದಾಟಿದ ಅಜ್ಜ. ಡ್ರೈವರನ ಜಾಗದಲ್ಲಿ ಕೂತು, ರುಮಾಲು ಸರಿಮಾಡಿಕೊಂಡು, ಎತ್ತುಗಳಿಗೆ ಮಾಡುವ ಹಾಗೆ ಬಾಯಲ್ಲಿ ಲೊಚಗುಟ್ಟಿದ. ಬಸ್ಸು ಅಲುಗಲಿಲ್ಲ. ಮಾಡುವ ಕೆಲಸ ಮಾಡಿ ಮುಗಿಸಿದವನ ಹಾಗೆ ಎದ್ದು ಹಳೆಯ ಡ್ರೈವರಿಗೆ ಜಾಗ ಬಿಟ್ಟು, ಹಿಂದೆ ತನ್ನ ಚೀಲದ ಮೇಲೆ ಕೂತ. ಓಡಿಸಲು ಬಾರದ ಮೇಲೆ ಯಾಕೆ ಬಂದಿರಿ ಎಂದು ಸಾವ್ಕಾರರು ಕೇಳಿದರು.

“ಈ ವಾರ ನಮ್ಮ ಓಣಿ ಪಾಳಿರೀ.”

ವಿಚಾರಿಸಿದಾಗ ಎಲ್ಲವೂ ಹೊರಬಿತ್ತು. ಮದಗದ ಕೆರೆಯ ನೀರನ್ನು ಗದ್ದೆಗಳಿಗೆ ಪಾಳಿಯ ಮೇಲೆ ಬಿಡುವ ಹಾಗೆ, ವಾರಕ್ಕೊಂದು ಓಣಿಯವರು ಒಬ್ಬ ಉಮೇದುವಾರನನ್ನು ಮುಂದೆ ಮಾಡಿ ಸಂತೆಗೆ ಹೋಗುತ್ತಿದ್ದರು. ನೀರು ಬಿಡುವ ನೀರಗಂಟಿಯೇ ಈ ಪಾಳಿಯನ್ನೂ ಹಚ್ಚಿಕೊಟ್ಟಿದ್ದ. ಇದುವರೆಗೆ ಒಂದು ತಕರಾರೂ ಬಂದಿಲ್ಲ ಎಂದು ಅಜ್ಜ ಹೆಮ್ಮೆಯಿಂದ ಹೇಳಿದ.

ಸಾವ್ಕಾರರು ಹಿಂದೆ ತಿರುಗಿ, ಚೀಲದ ಮೇಲೆ ಚೀಲ, ಮಂದಿಗೆ ಮಂದಿ ಒತ್ತಿ, ಒಂದು ಜಗಳವಿಲ್ಲದೆ ಕೂತದ್ದನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿದರು.

“ಆ ನೀರಗಂಟಿನ್ನ ನಾಳೆ ನನ್ನ ಕಡೆ ಕಳಸ್ರಿ ಯಜಮಾನ್ರ. ಇವನ ಜಾಗಕ್ಕ ತೊಗೋತೇನಿ.”

ಅಜ್ಜ ಒಪ್ಪಲಿಲ್ಲ.

“ಅಂವ ಬರಂಗಿಲ್ರಿ ಸಾವ್ಕಾರ್ರ. ಅಂವ ನಿಮ್ಮ ಕಡೆ ನೌಕರಿಗೆ ಬಂದ್ರ, ಮುಂದಿನ ವಾರ ನಿಮಗ ಉಮೇದುವಾರನ್ನ ಕಳಸೋರು ಯಾರು?”

ನನ್ನ ಜಾಗಕ್ಕೂ ಒಬ್ಬ ಸಿಗದೆ ನನ್ನ ನೌಕರಿ ಉಳಿದದ್ದು ಹೀಗೆ.