ಯಾರೂ ಎತ್ತದ ಪರ್ಸು

ಗಾಂಚೊಗೆ ಟೋಪಿ ಹಾಕುವ ಗಂಡಸು ಇಡೀ ಬಲ್ಗೇರಿಯದಲ್ಲಿ ಇನ್ನೂ ಹುಟ್ಟಿರಲಿಲ್ಲ. ಹಾಗಂತ ಗಾಂಚೊನೇ, ಊಟಕ್ಕೆ ಮೊದಲು ಮಾತ್ರೆ ನುಂಗಿದಷ್ಟು ನಿಯಮವಾಗಿ, ದಿನಕ್ಕೆ ಮೂರು ಸಲ ಹೇಳಿಕೊಳ್ಳುತ್ತಿದ್ದ. ಸಂತೆಗೆ ಹೋದರೆ ಚೀಲದಲ್ಲಿ ಸ್ವಂತ ತಕ್ಕಡಿ. ಬೆಂಕಿಪೊಟ್ಟಣ ಕೊಂಡರೆ ಅಂಗಡಿಯ ಮುಂದೆಯೇ ಕಡ್ಡಿಗಳ ಜನಗಣತಿ. ಐದನೇ ಮಹಡಿಯ ಮನೆಗೆ ಮೂರು ಬೀಗ. ಬ್ಯಾಂಕು ಕಂಡರೆ ಜೇಬು ಹಿಡಿದುಕೊಂಡು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಅವನ ಉಳಿತಾಯವೆಲ್ಲ ಹೆಂಡತಿಗೂ ಗೊತ್ತಿಲ್ಲದ ಜಾಗದಲ್ಲಿ, ಕೆಟ್ಟು ಕೂತ ಹಳೇ ರೇಡಿಯೊದ ಹೊಟ್ಟೆಯೊಳಗೆ ಭದ್ರ. ತಿಂಗಳಿಗೊಮ್ಮೆ ಎಣಿಸುತ್ತಿದ್ದ. ಒಂದೇ ಒಂದು ಲೆವ ಆಚೀಚೆ ಆದದ್ದಿಲ್ಲ!

ಇಂಥ ಮಹಾಶಯನ ಮುಂದೆ ಹೆಂಡತಿ ಮಿನ್ಕಾ, ಪ್ರತಿ ವರ್ಷದಂತೆ ಈ ವರ್ಷವೂ, ಬೆಳಗಿನ ಕಾಫಿಯ ಜೊತೆಗೇ ಬಾಂಬು ಇಟ್ಟಳು.

"ರೀ, ಒಂದು ಜೊತೆ ಕೀ ಎದುರುಮನೆ ತ್ಸೋನಾ ಅಜ್ಜಿ ಹತ್ರ ಕೊಟ್ಟಿರೋಣ. ಆಪತ್ತಿಗಾಗತ್ತೆ."

"ಬರೀ ಕೀ ಯಾಕೆ? ಮನೇನೇ ಬರ್ಕೊಟ್ಟುಬಿಡೋಣ ಬಿಡು!"

"ಎಂಬತ್ತು ವರ್ಷದ ಮುದುಕಿ ಏನ್ ಕದೀತಾಳೆ? ಬೀರು ಹೊತ್ಕೊಂಡು ಐದು ಮಹಡಿ ಇಳೀತಾಳಾ?"

"ಮುದುಕಿ ಅನ್ನೋದೇ ಒಂದು ವೇಷ ಇರಬಹುದು."

"ಸಮುದ್ರದ ಕಡೆ ಹೋದಾಗ ಹೂಗಿಡಕ್ಕಾದ್ರೂ ನೀರು ಹಾಕ್ತಾಳೆ."

"ಅದಕ್ಕೆ ನನ್ನ ಬಾಟಲಿ ಇಲ್ವಾ?"

ನೀರು ತುಂಬಿದ ಬಾಟಲಿಯನ್ನು ಕುಂಡದಲ್ಲಿ ತಲೆಕೆಳಗಾಗಿ ನೆಡುವುದು ಗಾಂಚೊನ ಸ್ವಂತ ಸಂಶೋಧನೆ. ಬೇಸಿಗೆಯಲ್ಲಿ ಎರಡು ವಾರ ಮನೆಗೆ ಬೀಗ ಬಿದ್ದಿದ್ದರೂ ಗಿಡಗಳು ನಳನಳಿಸುತ್ತಿದ್ದವು. ಜಗತ್ತಿನ ವಿಜ್ಞಾನಿಗಳು ಇನ್ನೂ ಅವನ ಮನೆ ಹುಡುಕಿಕೊಂಡು ಬಂದಿರಲಿಲ್ಲ, ಅಷ್ಟೆ.

"ಪಂಥ ಕಟ್ತೀಯಾ?" ಗಾಂಚೊ ಮೇಜು ಗುದ್ದಿದ. "ಬಸ್ ಸ್ಟಾಪಲ್ಲಿ ನನ್ನ ಪರ್ಸು ಬೀಳಿಸ್ತೀನಿ. ಯಾರಾದ್ರೂ ಎತ್ತಿ ತಂದುಕೊಟ್ರೆ ಕೀ ನಿನ್ನ ಅಜ್ಜಿಗೆ. ಇಲ್ವೋ, ಬಾಗಿಲಿಗೆ ನಾಲ್ಕನೇ ಬೀಗ!"

"ಸರಿ. ಬೀನ್ಸ್ ಒಲೆ ಮೇಲಿದೆ, ತಳ ಹಿಡಿಸಬೇಡಿ" ಅಂದವಳೇ ಮಿನ್ಕಾ ಹೊಲಿಗೆ ಕಾರ್ಖಾನೆಗೆ ಹೊರಟಳು.

ಗಾಂಚೊ ದಂಡಯಾತ್ರೆಗೆ ಸಜ್ಜಾದ. ಪರ್ಸಿನಿಂದ ಗುರುತಿನ ಚೀಟಿ ತೆಗೆದ, ದುಡ್ಡು ತೆಗೆದ. ಪೇಪರನ್ನು ನೋಟಿನ ಅಳತೆಗೆ ಕತ್ತರಿಸಿ ತುಂಬಿ, ಮೇಲೊಂದು ಇಪ್ಪತ್ತರ ಅಸಲಿ ನೋಟು ಹೊದಿಸಿದ. ಸಿಕ್ಕವರು ತಂದುಕೊಡಲು ವಿಳಾಸ ಬೇಕಲ್ಲ? ಕಳ್ಳನಿಗೆ ಸ್ವಂತ ಮನೆ ತೋರಿಸಿಕೊಡಲು ಅವನೇನು ದಡ್ಡನೇ! ಒಂದು ತುಂಡು ಕಾಗದದಲ್ಲಿ ತ್ಸೋನಾ ಅಜ್ಜಿಯ ಹೆಸರು, ವಿಳಾಸ ಬರೆದು ಪರ್ಸಿನೊಳಗಿಟ್ಟ. ಹೊರಬಂದು ಮೂರು ಬೀಗ ಜಡಿದ, ಮೂರು ಸಲ ಎಳೆದು ನೋಡಿದ, ಇಪ್ಪತ್ತು ವರ್ಷದ ರೂಢಿಯಂತೆ ಕೀಗೊಂಚಲನ್ನು ಪರ್ಸಿನ ಚಿಲ್ಲರೆ ಖಾನೆಗೆ ಹಾಕಿಕೊಂಡ.

ಮನೆಯ ಕೆಳಗೇ ಇದ್ದ ಬಸ್ ಸ್ಟಾಪಿನಲ್ಲಿ ಪರ್ಸು ಜಾರಿಸಿ, ಗೂಡಂಗಡಿಯ ಮೂಲೆಯಲ್ಲಿ ಪೇಪರ್ ಅಡ್ಡ ಹಿಡಿದು ನಿಂತ. ನೋಟು ಕತ್ತರಿಸಿಕೊಂಡಿದ್ದ ಅದೇ ಪೇಪರು! ಕಿಂಡಿಗಳಿಗೆ ಬರವಿರಲಿಲ್ಲ.

ಮೊದಲು ಕಂಡದ್ದು ಕ್ಯಾಪು ಹಾಕಿದ ಒಬ್ಬ ಮುದುಕನಿಗೆ. ಪರ್ಸು ನೋಡಿದ, ಹಾವು ತುಳಿದವನಂತೆ ಎರಡು ಹೆಜ್ಜೆ ಹಿಂದೆ ಹಾರಿದ, ಎರಡೂ ಕೈ ಜೇಬಿಗೆ ಸೇರಿಸಿದ.

"ಮುಟ್ಟಬೇಡಿ ತಾತ!" ಗೂಡಂಗಡಿಯ ಹೆಂಗಸು ಕೂಗಿದಳು. "ಮುಟ್ಟಿದ್ರೆ ಒಬ್ಬ ಓಡಿ ಬಂದು 'ಒಳಗೆ ಸಾವಿರ ಇತ್ತು, ಎಲ್ಲಿ?' ಅಂತಾನೆ. ಇದೆಲ್ಲ ಹಳೇ ಆಟ."

"ನಂಗೊತ್ತಿಲ್ವಾ? ತೊಂಬತ್ತಾರರಲ್ಲಿ ಬ್ಯಾಂಕೇ ನನ್ನ ದುಡ್ಡು ನುಂಗಿ ನೀರು ಕುಡೀತು. ಇನ್ನು ಈ ಪರ್ಸಿಗೆ ಬೀಳ್ತೀನಾ?"

ಬಸ್ಸು ಬಂತು. ಯಾರೂ ಹತ್ತಲಿಲ್ಲ. ತಾವು ಹೋದ ಮೇಲೆ ಇನ್ನೊಬ್ಬ ಎತ್ತಿಕೊಂಡರೆ? ಬಸ್ಸಿನಲ್ಲಿದ್ದವರೇ ಇಳಿದು ಬಂದು ಸೇರಿದರು. ಮೂವತ್ತು ಜನ ಪರ್ಸಿನ ಸುತ್ತ ಕೋಟೆ ಕಟ್ಟಿ, ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ, ಒಬ್ಬರ ಕೈಯನ್ನೊಬ್ಬರು ಕಾಯುತ್ತ ನಿಂತರು. ಅರಮನೆಯ ಖಜಾನೆಗೂ ಅಂಥ ಕಾವಲಿರಲಿಲ್ಲ!

ಮುಕ್ಕಾಲು ಗಂಟೆ ಕಳೆಯಿತು. ಎಲ್ಲಿಂದಲೋ ಸೀದ ವಾಸನೆ ಬಂತು. ಬೀನ್ಸ್! ಗಾಂಚೊ ಕೀಗಾಗಿ ಜೇಬಿಗೆ ಕೈ ಹಾಕಿದ. ಆ ಜೇಬು, ಈ ಜೇಬು, ಅಂಗಿ ಜೇಬು. ಕೀ ಎಲ್ಲಿದೆಯೆಂದು ಹೊಳೆದಾಗ ಅವನ ಮುಖ ಬೇಯಿಸಿದ ಎಲೆಕೋಸಿನಂತಾಯಿತು. ಗುಂಪು ಸೀಳಿಕೊಂಡು ಪರ್ಸಿನ ಮೇಲೆ ಎಗರಿದ.

"ನಂದು! ಅದು ನಂದು!"

"ಬಂದ ನೋಡಿ!" ಗೂಡಂಗಡಿಯವಳು ಚಪ್ಪಾಳೆ ತಟ್ಟಿದಳು. "ನಾನ್ ಹೇಳ್ಲಿಲ್ವಾ?"

ಮೂವತ್ತು ಜನ ಒಟ್ಟಿಗೆ ಹಿಡಿದುಕೊಂಡರು. ಪೊಲೀಸಿನವನು ಬಂದ.

"ನಿಮ್ಮ ಹೆಸರೇನ್ರೀ?"

"ಗಾಂಚೊ."

"ಇದರಲ್ಲಿ ತ್ಸೋನಾ ಅಂತಿದೆ."

"ಅದು... ಎದುರುಮನೆ ಅಜ್ಜಿ."

"ಓಹೋ, ಅಜ್ಜಿ ಪರ್ಸಿಗೇ ಕೈ ಹಾಕಿದ್ದೀರಿ! ಒಳಗೇನಿದೆ?"

"ಇಪ್ಪತ್ತು ಲೆವ. ಆಮೇಲೆ... ಪೇಪರು."

ಕ್ಯಾಪಿನ ಮುದುಕ ಗಾಂಚೊನ ಕಂಕುಳಿನಿಂದ ಪೇಪರ್ ಎಳೆದು ಬಿಡಿಸಿದ. ಪರ್ಸಿನಲ್ಲಿದ್ದ ತುಂಡೊಂದನ್ನು ಅದರ ಕಿಂಡಿಗೆ ಹೊಂದಿಸಿದ. ಸರಿಯಾಗಿ ಕೂತಿತು!

"ಮುದುಕಿಯ ದುಡ್ಡು ಹೊಡೆದು ಪೇಪರ್ ತುಂಬಿದ್ದಾನೆ, ಸಾರ್!"

"ಗುರುತಿನ ಚೀಟಿ?" ಪೊಲೀಸಿನವನ ದನಿ ಗಟ್ಟಿಯಾಯಿತು.

"ಮನೇಲಿದೆ."

"ಮನೆ ಕೀ?"

"ಪರ್ಸಲ್ಲಿದೆ. ಸ್ವಾಮಿ, ಬೀನ್ಸ್ ಸೀದು ಮನೆ ಸುಟ್ಟುಹೋಗತ್ತೆ, ನನ್ನನ್ನ ನಂಬಿ!"

'ನಂಬಿ' ಎಂಬ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಗಾಂಚೊನೇ ಬೆಚ್ಚಿದ. ಮೂವತ್ತು ಜನ ಒಂದೇ ಗಂಟಲಿನಲ್ಲಿ ನಕ್ಕರು.

ಗೂಡಂಗಡಿಯವಳು ಹೋಗಿ ತ್ಸೋನಾ ಅಜ್ಜಿಯನ್ನು ಕರೆತಂದಳು. ಅಜ್ಜಿಯ ಕಾಲಲ್ಲಿ ಮನೆಯ ಚಪ್ಪಲಿ, ಕೈಯಲ್ಲಿ ಮಸಿಬಟ್ಟೆ.

"ಅಜ್ಜಿ, ಈ ಪರ್ಸು ನಿಮ್ಮದಾ?"

"ನಂದ್ಯಾಕಾಗತ್ತೆ? ಲೋ ಗಾಂಚೊ, ನಿನ್ನ ಬೀನ್ಸ್ ತಳ ಹಿಡೀತಿತ್ತು ಕಣೋ. ಒಲೆ ಆರಿಸಿ, ಕಿಟಕಿ ತೆಗೆದು ಬಂದೆ."

"ಒಳಗೆ... ಒಳಗೆ ಹೇಗೆ ಹೋದ್ರಿ? ಮೂರು ಬೀಗ!"

ಅಜ್ಜಿ ಕೊರಳಿನಿಂದ ಕೆಂಪು ದಾರ ಹೊರಗೆಳೆದಳು. ಮೂರು ಕೀ ಝಣ್ಣೆಂದವು.

"ಮಿನ್ಕಾ ಕೊಟ್ಟು ಹನ್ನೊಂದು ವರ್ಷ ಆಯ್ತು. ನಿನ್ನ ಒಪ್ಪಿಗೆಗೆ ಇನ್ನೂ ಕಾಯ್ತಾ ಕೂತಿದ್ದಾಳೆ, ಪಾಪ."

"ಹಾಗಾದ್ರೆ ಹೂಗಿಡ... ನನ್ನ ಬಾಟಲಿ..."

"ನಿನ್ನ ಬಾಟಲಿ ತುಂಬಿಸಿ ತುಂಬಿಸಿ ನನ್ನ ಸೊಂಟ ಬಿದ್ದೋಯ್ತು!"

ಪೊಲೀಸಿನವನು ಪರ್ಸಿನ ಕೀಗೊಂಚಲು ತೆಗೆದು ಅಜ್ಜಿಯ ಕೀಗಳ ಪಕ್ಕ ಹಿಡಿದ. ಹಲ್ಲಿಗೆ ಹಲ್ಲು ಹೊಂದಿತು. ಯಾವ ಕೀಯನ್ನು ಜನ್ಮದಲ್ಲಿ ಕೊಡೆನೆಂದಿದ್ದನೋ ಅದೇ ಕೀ ಗಾಂಚೊನನ್ನು ಠಾಣೆಯಿಂದ ಉಳಿಸಿತು. ಪರ್ಸು ಕೈಗೆ ಬಂತು. ಬಂದದ್ದೇ ತಡ, ಅವನ ಬೆರಳುಗಳು ತಾವಾಗಿಯೇ ಇಪ್ಪತ್ತರ ನೋಟನ್ನು ತಡಕಾಡಿದವು.

ತ್ಸೋನಾ ಅಜ್ಜಿ ಹತ್ತಿರ ಬಂದು, ಅರ್ಧ ಬಸ್ ಸ್ಟಾಪಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ನೋಡ್ಕೋ, ನೋಡ್ಕೋ. ಹೋದ ಚಳಿಗಾಲ ನಿನ್ನ ರೇಡಿಯೊ ಒಳಗೆ ಇಲಿ ಹೊಕ್ಕು ಐವತ್ತರ ನೋಟೊಂದನ್ನ ಕಡಿದುಹಾಕಿತ್ತು. ನಾನೇ ಬ್ಯಾಂಕಿಗೆ ಒಯ್ದು ಬದಲಾಯಿಸಿ ತಂದಿಟ್ಟೆ. ತಿಂಗಳಾ ತಿಂಗಳಾ ಎಣಿಸ್ತೀಯಲ್ಲ, ಹೊಸ ನೋಟು ಕಣ್ಣಿಗೆ ಬೀಳಲಿಲ್ವಾ?"