ಅಡ್ಮಿನ್ ಸಾರ್ ಮೇಲ್ ಹಾಕಿದ್ದಾರೆ

ಆಫೀಸು ಅಂದಮೇಲೆ ಇಂಥವು ನಡೀತಾನೇ ಇರ್ತವೆ, ಕಣ್ಣು ಬಿಟ್ಟುಕೊಂಡು ನಿಂತರೆ ಸಾಕು. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ನಾನು ಟೀ ಕೊಡದ ಆಫೀಸಿಲ್ಲ. ನನ್ನ ಟೀ ಇನ್ನೊಂದು ಗ್ಲಾಸ್ ಬೇಕು ಅಂತ ಅಮೆರಿಕದ ದೊಡ್ಡ ಸಾಹೇಬರೊಬ್ಬರು ವಿಮಾನವನ್ನೇ ಬಿಟ್ಟುಬಿಟ್ಟರು. ನಂಬದಿದ್ದರೆ ಬಿಡಿ, ವಿಮಾನವಂತೂ ಹೋಯಿತು.

ಈಗ ಸಿ.ವಿ. ರಾಮನ್ ನಗರದ ಒಂದು ಆಫೀಸಿನ ಪ್ಯಾಂಟ್ರಿ ನನ್ನ ಕೈಯಲ್ಲಿದೆ. ಶಾಲೆಗೆ ಹೋದವನಲ್ಲ ನಾನು, ಬಸ್ಸಿನ ಬೋರ್ಡು ನೋಡಿ ಅಕ್ಷರ ಕಲಿತವನು. ಈ ಆಫೀಸಿನ ಅಡ್ಮಿನ್ ಸಾರ್ ಯಾದಗಿರಿ ಕಡೆಯವರು, ಚಿಕ್ಕ ವಯಸ್ಸು, ಕೆ.ಆರ್. ಪುರದಲ್ಲಿ ಬಾಡಿಗೆ ರೂಮು. ಬಾಯಲ್ಲಿ ಮಾತೇ ಇಲ್ಲ, ಮೇಲ್‌ನಲ್ಲಿ ಮಾತು ಮುಗಿಯೋದೇ ಇಲ್ಲ. ಆ ಮೇಲ್‌ಗಳನ್ನು ಯಾರೂ ಓದ್ತಿರಲಿಲ್ಲ. ಅದು ಹೋಗಿ ಹೋಗಿ, ಅವರ ಮದುವೆಗೆ ಆಫೀಸಿನಿಂದ ಒಬ್ಬರಾದರೂ ಬರ್ತಾರೋ ಇಲ್ಲವೋ ಅನ್ನೋವರೆಗೆ ಬಂತು. ಅದನ್ನೇ ಹೇಳ್ತೀನಿ.

ಫ್ರಿಜ್ಜು

ಒಂದು ಸಲ ಫ್ರಿಜ್ಜಿನ ಬಗ್ಗೆ ಮೇಲ್ ಹಾಕಿದರು. ಫ್ರಿಜ್ಜು ಯಾವಾಗ ಬಂತು, ಯಾರು ತರಿಸಿದರು, ತಂಪು ಅನ್ನೋದು ಊಟಕ್ಕೆ ಯಾಕೆ ಮುಖ್ಯ, ಎಲ್ಲ ಬರೆದು, ಕಟ್ಟಕಡೆಗೆ ಶುಕ್ರವಾರ ಸಂಜೆ ಫ್ರಿಜ್ ಆಫ್ ಮಾಡ್ತೀವಿ, ಡಬ್ಬಿ ತಗೊಂಡು ಹೋಗಿ ಅಂತ. ಮನೆಗೆ ಹೋಗ್ತಾ ಕ್ಯಾಬ್‌ನಲ್ಲಿ ಕೂತು ಅದನ್ನು ಓದೋಕೆ ಶುರು ಮಾಡಿದ ಹುಡುಗನೊಬ್ಬ ಹೇಳಿದ: ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್ ಜಾಮ್ ಬಿಟ್ಟಿತು, ಮೇಲ್ ಬಿಡಲಿಲ್ಲ.

ಒಬ್ಬರೂ ಡಬ್ಬಿ ಎತ್ತಲಿಲ್ಲ. ಸೋಮವಾರ ನಾನು ಬಾಗಿಲು ತೆಗೆದರೆ ಒಳಗೆ ಯಾರದೋ ಬಿರಿಯಾನಿ, ಯಾರದೋ ಮೀನು ಸಾರು, ಯಾರದೋ ಸೀಮಂತದ ಪಾಯಸ. ಆ ವಾಸನೆಗೆ ಗೇಟಿನ ನಾಯಿ ಇಂದಿರಾನಗರಕ್ಕೆ ಮನೆ ಬದಲಾಯಿಸಿತು. ಎಲ್ಲರೂ ಸಾರ್ ಮೇಲೆ ಬಿದ್ದರು, ಮೊದಲೇ ಹೇಳೋಕೆ ಏನಾಗಿತ್ತು ಅಂತ. ಸಾರ್ ತಲೆ ತಗ್ಗಿಸಿಕೊಂಡು ಒಳಗೆ ಹೋಗಿ, ಮೊದಲೇ ಹೇಳಿದ್ದೆ ಅಂತ ಇನ್ನೊಂದು ಮೇಲ್ ಹಾಕಿದರು. ಅದು ಹಳೇದಕ್ಕಿಂತ ಉದ್ದ.

ಗಂಟೆ ಹೊಡೆದಾಗ

ಬೆಂಕಿ ಬಿದ್ದರೆ ಏನು ಮಾಡಬೇಕು ಅನ್ನೋದರ ಬಗ್ಗೆಯೂ ಒಂದು ಮೇಲ್ ಬಂತು. ಮಾರನೇ ದಿನ ಅದರ ಪರೀಕ್ಷೆ. ಗಂಟೆ ಕಿವಿ ಹರಿಯೋ ಹಾಗೆ ಹೊಡೀತಾ ಇದ್ದರೆ, ನಮ್ಮ ಜನ ಓಡೋದು ಬಿಟ್ಟು ಮೆಟ್ಟಿಲ ಹತ್ತಿರ ಗುಂಪಾಗಿ ನಿಂತು ಮೊಬೈಲಲ್ಲಿ ಮೇಲ್ ಹುಡುಕ್ತಾ ಇದ್ದರು. "ಸ್ಕ್ರೋಲ್ ಮಾಡು ಮಗಾ." "ಮಾಡ್ತಾನೇ ಇದ್ದೀನಿ ಗುರು, ಇನ್ನೂ ಬೆಂಕಿ ಕಂಡುಹಿಡಿದ ಕಥೇನೇ ನಡೀತಿದೆ."

ನಾನೊಬ್ಬನೇ ಫ್ಲಾಸ್ಕ್ ಎತ್ತಿಕೊಂಡು ಕೆಳಗೆ ಬಂದವನು. ನಿಜವಾದ ಬೆಂಕಿ ಆಗಿದ್ದರೆ ಆವತ್ತು ಕಂಪನಿಯಲ್ಲಿ ನಾನೂ ನನ್ನ ಟೀಯೂ ಉಳೀತಿದ್ವಿ, ಅಷ್ಟಿದ್ದರೆ ಕಂಪನಿ ಮತ್ತೆ ಕಟ್ಟಬಹುದು.

ಆಮೇಲೆ ರಿಸೆಪ್ಶನ್ ಹುಡುಗಿಯನ್ನ ಕೇಳಿದೆ, ನೀನಾದರೂ ಓದಬಾರದಾ ಅಂತ. ಅವಳು, "ತಾತ, ಮೊದಲನೇ ಸಾಲಲ್ಲೇ 'ನಿಮಗೆಲ್ಲ ಗೊತ್ತಿರೋ ಹಾಗೆ' ಅಂತ ಬರೀತಾರೆ. ಗೊತ್ತಿದೆ ಅಂತ ಅವರೇ ಹೇಳಿದ ಮೇಲೆ ನಾನ್ಯಾಕೆ ಓದಲಿ?" ಅಂದಳು.

ಪ್ಯಾಂಟ್ರಿಯಲ್ಲಿ

ಒಂದು ಶುಕ್ರವಾರ ಮಧ್ಯಾಹ್ನ ಸಾರ್ ತಮ್ಮ ಗ್ಲಾಸ್ ತಾವೇ ತೊಳೆಯೋಕೆ ಬಂದರು. ತೊಳೆದ ಗ್ಲಾಸನ್ನೇ ತೊಳೀತಾ ತೊಳೀತಾ ಮೆಲ್ಲಗೆ ಕೇಳಿದರು.

"ತಾತ, ಐತ್ವಾರ ನಮ್ಮ ಆಫೀಸಿನ ಮಂದಿ ಎಷ್ಟ್ ಜನ ಬರಬಹುದ್ರಿ?"

ಭಾನುವಾರ ಏನಿದೆ ಸಾರ್ ಅಂದೆ. ಅವರ ಮುಖ ಇಷ್ಟೇ ಇಷ್ಟಾಯಿತು. ಅವರ ಮದುವೆ, ಹಲಸೂರಿನ ಒಂದು ಛತ್ರದಲ್ಲಿ. ವಾರದ ಹಿಂದೆಯೇ ಎಲ್ಲರಿಗೂ ಮೇಲ್ ಹಾಕಿದ್ದರಂತೆ. ಹುಡುಗಿಯ ಸೋದರಮಾವ, ಇಷ್ಟು ವರ್ಷ ಬೆಂಗಳೂರಲ್ಲಿದ್ದೀಯಲ್ಲ, ನಿನ್ನವರು ಅನ್ನೋರು ಯಾರಾದರೂ ಇದ್ದಾರೇನಪ್ಪ ಅಂತ ಕೇಳಿದ್ದನಂತೆ. ಇವರು ಪಾಪ, ಆಫೀಸಿಗೆ ಆಫೀಸೇ ನಮ್ಮದು ಅಂದು, ಅರ್ಧ ಛತ್ರದ ಕುರ್ಚಿ ಹಿಡಿದಿಟ್ಟಿದ್ದರು.

ಉತ್ತರ ಬಂದಿದೆಯಾ ಅಂದೆ. ಬಂದಿದೆ ಅಂದರು. ಒಬ್ಬ ಬರೀ ಹೆಬ್ಬೆಟ್ಟಿನ ಚಿತ್ರ ಒತ್ತಿದ್ದ. ಒಬ್ಬ 'ಗಮನಿಸಲಾಗಿದೆ' ಅಂದಿದ್ದ. ಮೂರನೆಯವನು, ಇದು ನಮ್ಮ ಟೀಮಿಗೆ ಸಂಬಂಧಪಟ್ಟಿದ್ದಲ್ಲ, ದಯವಿಟ್ಟು ನನ್ನ ಹೆಸರು ತೆಗೀರಿ ಅಂತ ಬರೆದಿದ್ದ.

ಬಾಯಿಬಿಟ್ಟು ಕರೀಬಾರದಾ ಸಾರ್ ಅಂತ ಕೇಳಿದ್ದಕ್ಕೆ ಗ್ಲಾಸು ನೋಡ್ತಾ ಹೇಳಿದರು: "ಬಂದ ಹೊಸದಾಗ ಮೀಟಿಂಗಿನ್ಯಾಗ ಮಾತಾಡಿದ್ದೆ ತಾತ. ನಮ್ಮ ಕಡಿ ಮಾತು ಕೇಳಿ ಎಲ್ಲಾರೂ ನಕ್ರು. ಮೇಲ್‌ದಾಗ ಯಾರೂ ನಗಂಗಿಲ್ಲ ನೋಡ್ರಿ."

ಓದಿದರೆ ತಾನೆ ನಗೋದು ಅಂತ ಬಾಯಿಗೆ ಬಂತು. ನುಂಗಿಕೊಂಡೆ. ಮದುವೆ ಗಂಡು.

ಟೀ ಬಂದ್

ಆವತ್ತು ಸಂಜೆ ನಾನು ಟೀ ಕೊಡಲಿಲ್ಲ. ಈ ಆಫೀಸು ಕರೆಂಟಿಲ್ಲದೆ ನಡೆದಿದೆ, ಮ್ಯಾನೇಜರಿಲ್ಲದೆ ಬಹಳ ಚೆನ್ನಾಗಿ ನಡೆದಿದೆ, ನನ್ನ ಟೀ ಇಲ್ಲದೆ ನಡೆದಿಲ್ಲ. ಸ್ವಲ್ಪ ಹೊತ್ತಿಗೆ ಕಂಪ್ಯೂಟರುಗಳು ತಾವಾಗೇ ನಿದ್ದೆ ಹೋದವು, ಇಡೀ ಆಫೀಸು ಪ್ಯಾಂಟ್ರಿ ಬಾಗಿಲಿಗೆ ಬಂದು ನಿಂತಿತು. ಏನ್ ತಾತ, ಹುಷಾರಿಲ್ವಾ ಅಂದರು. ಸಾರ್ ಏನೋ ಹೇಳಬೇಕಂತೆ, ಆಮೇಲೆ ಟೀ ಅಂದೆ. ಸಾರ್ ಅವರನ್ನ ಮುಂದೆ ತಂದು ನಿಲ್ಲಿಸಿ, ಅವರು ಓಡದ ಹಾಗೆ ಹಿಂದೆ ನಾನೇ ನಿಂತೆ.

ಸಾರ್ ನೆಲ ನೋಡಿದರು. ಗೋಡೆ ನೋಡಿದರು. ಆಮೇಲೆ ಹೇಳಿದರು.

"ಐತ್ವಾರ ನನ್ನ ಲಗ್ನ ಅದರಿ. ಹಲಸೂರಿನ್ಯಾಗ. ನೀವೆಲ್ಲಾ ಬರಬೇಕ್ರಿ."

ಯಾರೂ ನಗಲಿಲ್ಲ. ಅಷ್ಟರಲ್ಲಿ ತನ್ನ ಹೆಸರು ತೆಗೀರಿ ಅಂತ ಬರೆದಿದ್ದನಲ್ಲ, ಅವನೇ ಮುಂದೆ ಬಂದು ಸಾರ್ ಕೈ ಹಿಡಿದುಕೊಂಡು ಅಂದ:

"ಏನ್ ಸಾರ್ ನೀವು, ಇಷ್ಟು ದೊಡ್ಡ ವಿಷಯ, ಒಂದು ಮೇಲ್ ಹಾಕೋಕಾಗ್ಲಿಲ್ವಾ?"

ಛತ್ರದಲ್ಲಿ

ಭಾನುವಾರ ಬಂದ ಜನಕ್ಕೆ ಹಲಸೂರು ಕೆರೆಯ ನೀರು ಒಂದು ಗೇಣು ಮೇಲೆದ್ದಿತು. ನಮ್ಮವರು ಹಿಡಿದಿಟ್ಟ ಕುರ್ಚಿಯೆಲ್ಲ ತುಂಬಿಸಿ, ಹುಡುಗಿ ಕಡೆಯ ಕುರ್ಚಿಗೂ ಕೈ ಹಾಕಿದರು. ಸೋದರಮಾವ ಕೂರೋಕೆ ಜಾಗ ಸಿಗದೆ ಕಂಬಕ್ಕೆ ಒರಗಿ ನಿಂತಿದ್ದ. ನಾನು ಹೋಗಿ, ಇವರೆಲ್ಲ ನಮ್ಮ ಹುಡುಗನವರು ಅಂತ ತಿಳಿಸಿ ಬಂದೆ. ಆತ ನನ್ನನ್ನ ಕಂಪನಿಯ ಯಜಮಾನ ಅಂದುಕೊಂಡು ಕೈಮುಗಿದ. ನಾನೇನೂ ಬೇಡ ಅನ್ನಲಿಲ್ಲ.

ಉಡುಗೊರೆ ಕೊಡೋಕೆ ಸಾಲು ನಿಂತಿತ್ತು. ಮದುಮಗಳು ನಗುಮುಖದ ಹುಡುಗಿ, ಅವಳೂ ಆ ಕಡೆಯವಳೇ. ರಿಸೆಪ್ಶನ್ ಹುಡುಗಿ ಅವಳ ಕಿವಿ ಹತ್ತಿರ ಬಗ್ಗಿ, ನಿಮಗೂ ಮೇಲ್ ಹಾಕಿದ್ರಾ ಅಂತ ಕೇಳಿದಳು. ಹಾಕಿದ್ದರಂತೆ, ಹೆಣ್ಣು ನೋಡಿ ಹೋದ ಮಾರನೇ ದಿನವೇ, ತಾವು ಎಂಥವರು ಅಂತ ಹುಟ್ಟಿದಾಗಿನಿಂದ ಹಿಡಿದು.

"ಪೂರ್ತಿ ಓದಿದ್ರಾ?"

ಮದುಮಗಳು ಸಾರ್ ಕಡೆ ಒಂದು ಸಲ ನೋಡಿದಳು. ಸಾರ್ ಬೆವೆತು ಹೋಗಿದ್ದರು.

"ಮೇಲ್‌ದಾಗ ಐದನೇ ಕ್ಲಾಸಿನ ತನಕ ಓದೀನ್ರಿ ಅಕ್ಕ, ಇನ್ನೂ ಹೈಸ್ಕೂಲಿಗೆ ಹೋಗಿಲ್ಲ ಇವರು. ಮುಗಿಸಿ ಹೂಂ ಅನ್ನೂದ್ರಾಗ ಇಬ್ಬರಿಗೂ ಮುಪ್ಪು ಬರ್ತಿತ್ತು. ಅದಕ್ಕ ಮೊದಲ ಲಗ್ನ ಆಗಲಿ, ಉಳಿದದ್ದು ದಿನಾ ಬಾಜೂಕ ಕುಂತು ಬಾಯಿಲೇ ಹೇಳ್ಲಿ ಅಂದೆ."